ಸೆರೆಯಿಂದ ಮನೆಗೆ ಬಂದವರು

ಬಳ್ಳಾರಿಯ ಕಾರಾಗೃಹದಿಂದ ನಮ್ಮ ಬುಕ್ಕಸಾಗರಕ್ಕೆ ಅರ್ಧ ದಿನದ ಪ್ರಯಾಣವೂ ಇಲ್ಲ. ಆದರೆ ಅಲ್ಲಿಂದ ಬಿಡುಗಡೆ ಹೊಂದಿ ಊರು ಸೇರಿದವನು ಮರಳಿ ಊರಿನವನಾಗುವುದಕ್ಕೆ ವರ್ಷಗಳೇ ಹಿಡಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನನ್ನ ಹಳೆಯ ಶಿಷ್ಯನೊಬ್ಬನು ಗದ್ದೆಗೆ ನೀರು ತಿರುಗಿಸುವ ಜಗಳದಲ್ಲಿ ಕೈಮೀರಿ ಹೊಡೆದನು. ಪೆಟ್ಟು ತಿಂದವನು ಬದುಕಲಿಲ್ಲ. ಸತ್ತವನ ಮನೆಯವರ ದುಃಖವನ್ನು ನಾನು ಲಘುವೆಂದೆಣಿಸತಕ್ಕವನಲ್ಲ. ಕೊಂದವನಿಗೆ ಏಳು ವರ್ಷಗಳ ಸೆರೆಯಾಯಿತು. ಅವನ ಮಗಳು ಆಗ ನನ್ನ ಶಾಲೆಯಲ್ಲಿ ಏಳನೆಯ ತರಗತಿಯಲ್ಲಿದ್ದಳು. ಹುಡುಗರು ಅವಳನ್ನು ‘ಜೈಲಿನವನ ಮಗಳು’ ಎಂದು ಕರೆಯುತ್ತಿದ್ದುದು ನನ್ನ ಕಿವಿಗೆ ಬಿದ್ದಿತ್ತು. ನಾನು ಗದರಿಸಲಿಲ್ಲ, ದಿನ ಕಳೆದರೆ ತಾನೇ ನಿಲ್ಲುವುದೆಂದುಕೊಂಡೆನು. ಹುಡುಗಿ ಶಾಲೆ ಬಿಟ್ಟು ತಾಯಿಯೊಡನೆ ಬಾಳೆಯ ತೋಟದ ಕೂಲಿಗೆ ಹೋದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರನ್ನು ಹೊಡೆದುಹಾಕಿದವನೂ ನಾನೇ.

ತಂದೆ ಮರಳಿ ಬಂದಾಗ ಕಬ್ಬು ಕಡಿಯುವ ತಂಡದವರು ಅವನನ್ನು ಸೇರಿಸಿಕೊಳ್ಳಲಿಲ್ಲ. ಪಡಿತರ ಚೀಟಿಗೆ ಅರ್ಜಿ ಬರೆಯಿಸಿಕೊಳ್ಳಲು ನನ್ನ ಜಗಲಿಗೆ ಬಂದವನು, “ಮೇಷ್ಟ್ರೇ, ಒಳಗಿದ್ದಾಗ ದಿನಾ ಹೆಸರು ಹಿಡಿದು ಕೂಗ್ತಿದ್ರು. ಇಲ್ಲಿ ಯಾರೂ ಕೂಗೋದಿಲ್ಲ” ಎಂದನು.

ಮನುಸ್ಮೃತಿಯ ಎಲ್ಲ ಮಾತುಗಳನ್ನೂ ನಾನು ಒಪ್ಪುವವನಲ್ಲ. ಆದರೂ ಅದರ ಹನ್ನೊಂದನೆಯ ಅಧ್ಯಾಯದಲ್ಲಿ ಒಂದು ವಿಧಿಯುಂಟು: ಪತಿತನು ಪ್ರಾಯಶ್ಚಿತ್ತವನ್ನು ಮುಗಿಸಿದ ಮೇಲೆ ಬಂಧುಗಳು ಅವನೊಡನೆಯೇ ಪುಣ್ಯಜಲದಲ್ಲಿ ಮಿಂದು, ನೀರು ತುಂಬಿದ ಹೊಸ ಕುಂಭವೊಂದನ್ನು ಕೂಡಿ ನೀರಿಗೆ ಬಿಡಬೇಕು, ಅನಂತರ ಅವನನ್ನು ಎಂದಿಗೂ ಹೀಗಳೆಯಬಾರದು. ಮೀಯತಕ್ಕವನು ಅವನೊಬ್ಬನೇ ಅಲ್ಲವೆಂಬುದನ್ನು ವಾಚಕರು ಗಮನಿಸಬೇಕು. ತುಂಗಭದ್ರೆಯ ದಡದಲ್ಲಿಯೇ ಇರುವ ನಮಗೆ ಈ ವಿಧಿಯ ನೆನಪಾಗಲಿಲ್ಲ.

ಇಂದಿನ ಶಾಸನವೂ ಅವನನ್ನು ಕೈಬಿಟ್ಟಿಲ್ಲ. 1951ರ ಪ್ರಜಾಪ್ರಾತಿನಿಧ್ಯ ಅಧಿನಿಯಮದ ಮೇರೆಗೆ ಸೆರೆಯಲ್ಲಿರುವಷ್ಟು ಕಾಲ ಮತ ಹಾಕುವಂತಿಲ್ಲ, ಹೊರಬಂದವನು ಹಾಕಬಹುದು. ಸೆರೆಯೊಳಗಿನ ದುಡಿಮೆಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದೂ, ಅದರಲ್ಲೊಂದು ಭಾಗವು ಅಪರಾಧದಿಂದ ನೊಂದವರಿಗೆ ಮುಟ್ಟುವಂತೆ ಏರ್ಪಾಡಾಗಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 1998ರಲ್ಲಿ ಹೇಳಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಸೆರೆಯಲ್ಲಿರುವವನಿಗೆ ಮಾತ್ರವೇ ಅಲ್ಲದೆ, ಹೊರಗಿರುವ ಹೆಂಗಸರಿಗೂ ಮಕ್ಕಳಿಗೂ ಆದಾಯವೆಷ್ಟೆಂದು ಕೇಳದೆ ವಕೀಲರ ನೆರವು ಉಚಿತವಾಗಿ ದೊರೆಯತಕ್ಕುದು. ಇದು ಆ ತಾಯಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು, ಹೇಳಲಿಲ್ಲ.

ರಂಗಾಯಣದ ಕಲಾವಿದರಾದ ಹುಲುಗಪ್ಪ ಕಟ್ಟೀಮನಿಯವರು ಬಳ್ಳಾರಿ, ಮೈಸೂರು ಕಾರಾಗೃಹಗಳ ಕೈದಿಗಳಿಂದ ನಾಟಕಗಳನ್ನಾಡಿಸಿದರು. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ಎಚ್. ಎಸ್. ಶಿವಪ್ರಕಾಶರು ಕನ್ನಡಕ್ಕೆ ಒಗ್ಗಿಸಿದ ‘ಮಾರನಾಯಕ’ವೂ ಅವುಗಳಲ್ಲೊಂದು. ರಂಗದ ಮೇಲಿನ ಕೈದಿಗೆ ನಾವು ಮನಸಾರೆ ಚಪ್ಪಾಳೆ ತಟ್ಟುತ್ತೇವೆ. ಅದೇ ಮನುಷ್ಯನು ನಾಳೆ ಬಾಡಿಗೆಗೆ ಕೋಣೆ ಕೇಳಿಕೊಂಡು ಬಂದರೆ, ಒಳಗೆ ಹೋಗಿ ಮನೆಯಾಕೆಯನ್ನು ಕೇಳಿ ಬರುತ್ತೇವೆಂದು ಹೇಳಿ ಹೊರಗೆ ಬರುವುದೇ ಇಲ್ಲ!

ಆ ದಿನ ಅರ್ಜಿಯನ್ನು ಬರೆದುಕೊಟ್ಟು, ಮರುದಿನ ಅವನೊಡನೆ ಹೊಸಪೇಟೆಗೆ ನಾನೂ ಹೋದೆನು. ಹಿಂದಿರುಗುವಾಗ ಕಬ್ಬಿನ ಮೇಸ್ತ್ರಿಯ ಮನೆಯಲ್ಲಿ ಇಬ್ಬರೂ ಕುಳಿತು ಚಹಾ ಕುಡಿದೆವು. ಕೆಲಸ ಕೊಡಿರೆಂದು ನಾನು ಕೇಳಲಿಲ್ಲ. ಮುಂದಿನ ವಾರ ಮೇಸ್ತ್ರಿಯೇ ಹೇಳಿಕಳುಹಿಸಿದನು. ಸತ್ತವನ ಅಣ್ಣನು ಇಂದಿಗೂ ನನ್ನೊಡನೆ ಮಾತನಾಡುವುದಿಲ್ಲ. ಅದು ಅವನಿಗೆ ಸಲ್ಲತಕ್ಕ ಹಕ್ಕು.

ಹುಡುಗಿಗೆ ಈಗ ಇಪ್ಪತ್ತು ವರ್ಷ. ಖಾಸಗಿಯಾಗಿ ಹತ್ತನೆಯ ತರಗತಿಯ ಪರೀಕ್ಷೆಗೆ ಕಟ್ಟಿದ್ದಾಳೆ. ಸಂಜೆ ಕೂಲಿ ಮುಗಿದ ಮೇಲೆ ನಮ್ಮ ಜಗಲಿಗೆ ಬರುತ್ತಾಳೆ. ಸಂಸ್ಕೃತ ಚೆನ್ನಾಗಿ ಬರುತ್ತದೆ. ಬೀಜಗಣಿತವೊಂದು ಇನ್ನೂ ತೊಡಕು.