ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಕೂಡ ಬೇಕೇ? ಹಣ ಕೊಡುವ ಮುನ್ನ ಈ ಅಂಶಗಳನ್ನು ಪರಿಶೀಲಿಸಿ

ಎಂಜಿನಿಯರಿಂಗ್ ಸೇರುವ ಮಗ ಅಥವಾ ಮಗಳಿಗೆ ಮನೆಯವರು ಕೊಡಿಸುವುದು ಸಾಮಾನ್ಯವಾಗಿ ಒಂದೇ ಲ್ಯಾಪ್‌ಟಾಪ್. ಕಾಲೇಜಿನ ಕೋಡಿಂಗ್ ಕೆಲಸಕ್ಕೆ ಅದರಲ್ಲಿ ಲಿನಕ್ಸ್ ಬೇಕು, ರಾತ್ರಿ ಗೆಳೆಯರ ಜತೆ ಆಡಲು ಗೇಮ್ ಕೂಡ ಓಡಬೇಕು. ಮುಕ್ಕಾಲು ಲಕ್ಷ ರೂಪಾಯಿ ಆಸುಪಾಸಿನ ಈ ಖರ್ಚು ನಾಲ್ಕು ವರ್ಷವಾದರೂ ಬಾಳಬೇಕು. ಆದರೆ ಮನೆಗೆ ತಂದು ಲಿನಕ್ಸ್ ಹಾಕಿದ ಮೇಲೆ ವೈ-ಫೈ ಸಿಗುತ್ತಿಲ್ಲ, ಹೊರಗಿನ ಮಾನಿಟರ್ ಬರುತ್ತಿಲ್ಲ, ಇಷ್ಟದ ಗೇಮ್ ತೆರೆಯುತ್ತಿಲ್ಲ ಎಂದು ಗೊತ್ತಾದರೆ ಏನು ಮಾಡುವುದು?

ಹೈದರಾಬಾದ್‌ನ ಕುಷಾಯಿಗೂಡಕ್ಕೂ ಕಂಪ್ಯೂಟರ್‌ಗೂ ಹಳೆಯ ನಂಟು. 1967ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ವಲಯದ ಇಸಿಐಎಲ್ ಇರುವುದು ಇದೇ ಪ್ರದೇಶದಲ್ಲಿ. ದೇಶದ ಆರಂಭಿಕ ಸ್ವದೇಶಿ ಕಂಪ್ಯೂಟರ್‌ಗಳಲ್ಲಿ ಒಂದಾದ ಟಿಡಿಸಿ-12 ಅನ್ನು 1969ರಲ್ಲಿ ಹೊರತಂದದ್ದು ಈ ಸಂಸ್ಥೆ. ಇಂದು ಇಲ್ಲಿನ ವಿದ್ಯಾರ್ಥಿಗೆ ಲ್ಯಾಪ್‌ಟಾಪ್ ಬೇಕಾದರೆ ಸಿಕಂದರಾಬಾದ್‌ನ ಪಾರ್ಕ್‌ಲೇನ್‌ನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್ ಹತ್ತಿರದ ದೊಡ್ಡ ಮಾರುಕಟ್ಟೆ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಓದಲು ಬಂದವರಿಗೂ ‘ಸಿಟಿಸಿ’ ಎಂಬ ಹೆಸರು ಪರಿಚಿತ.

ಅಂಗಡಿಯ ಸ್ಟಿಕರ್‌ನಲ್ಲಿ ಬ್ರ್ಯಾಂಡ್, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್‌ನ ಸಂಖ್ಯೆ ಇರುತ್ತದೆ. ಲಿನಕ್ಸ್ ಓಡುತ್ತದೆಯೇ ಎಂಬುದು ಇರುವುದಿಲ್ಲ. ಅದನ್ನು ನಿರ್ಧರಿಸುವುದು ಬ್ರ್ಯಾಂಡ್ ಅಲ್ಲ, ಒಳಗಿರುವ ಚಿಪ್‌ಗಳು ಮತ್ತು ನೀವು ಆಡುವ ಗೇಮ್‌ಗಳು. ಹೇಗೆ? ಇಲ್ಲಿದೆ ವಿವರ.

ಮೊದಲು ಗೇಮ್‌ಗಳ ಪಟ್ಟಿ ಮಾಡಿ

ಲಿನಕ್ಸ್‌ನಲ್ಲಿ ಗೇಮ್ ಆಡಲಾಗದು ಎಂಬ ಮಾತು ಈಗ ಹಳತಾಗಿದೆ. ವಾಲ್ವ್ ಕಂಪನಿ 2018ರಲ್ಲಿ ‘ಪ್ರೋಟಾನ್’ ತಂದ ಮೇಲೆ ವಿಂಡೋಸ್‌ಗಾಗಿ ಮಾಡಿದ ಸಾವಿರಾರು ಗೇಮ್‌ಗಳು ಸ್ಟೀಮ್ ಮೂಲಕ ಲಿನಕ್ಸ್‌ನಲ್ಲೂ ಓಡುತ್ತಿವೆ. 2022ರಲ್ಲಿ ಮಾರುಕಟ್ಟೆಗೆ ಬಂದ ಅದೇ ಕಂಪನಿಯ ಸ್ಟೀಮ್ ಡೆಕ್ ಕೂಡ ಲಿನಕ್ಸ್ ಆಧಾರಿತ. ಕೌಂಟರ್-ಸ್ಟ್ರೈಕ್ 2 ಮತ್ತು ಡೋಟಾ 2 ಗೇಮ್‌ಗಳಿಗೆ ನೇರವಾಗಿ ಲಿನಕ್ಸ್ ಆವೃತ್ತಿಯೇ ಇದೆ.

ಸಮಸ್ಯೆ ಇರುವುದು ಮೋಸದಾಟ ತಡೆಯುವ ಆ್ಯಂಟಿ-ಚೀಟ್ ತಂತ್ರಾಂಶದಲ್ಲಿ. ವ್ಯಾಲೊರಂಟ್‌ನ ‘ವ್ಯಾನ್‌ಗಾರ್ಡ್’ ಲಿನಕ್ಸ್‌ನಲ್ಲಿ ಕೆಲಸ ಮಾಡುವುದಿಲ್ಲ. ಫೋರ್ಟ್‌ನೈಟ್ ಕೂಡ ಲಿನಕ್ಸ್‌ಗೆ ಲಭ್ಯವಿಲ್ಲ. ಮೊದಲು ಓಡುತ್ತಿದ್ದ ಅಪೆಕ್ಸ್ ಲೆಜೆಂಡ್ಸ್, 2024ರ ಅಕ್ಟೋಬರ್ ಕೊನೆಯಲ್ಲಿ ಲಿನಕ್ಸ್ ಬಳಕೆದಾರರಿಗೆ ಬಾಗಿಲು ಮುಚ್ಚಿತು. ಇಂಥ ಗೇಮ್ ಆಡುವವರು ಎಷ್ಟೇ ದುಬಾರಿ ಲ್ಯಾಪ್‌ಟಾಪ್ ಕೊಂಡರೂ ವಿಂಡೋಸ್ ಉಳಿಸಿಕೊಳ್ಳಲೇಬೇಕು. ನಿಮ್ಮ ಗೇಮ್ ಓಡುತ್ತದೆಯೇ ಎಂಬುದನ್ನು ‘ಪ್ರೋಟಾನ್‌ಡಿಬಿ’ ತಾಣದಲ್ಲಿ ಹುಡುಕಿ ತಿಳಿಯಬಹುದು. ಅಲ್ಲಿ ಆಟಗಾರರೇ ತಮ್ಮ ಅನುಭವ ದಾಖಲಿಸುತ್ತಾರೆ.

ಎನ್‌ವಿಡಿಯಾ ಅಥವಾ ಎಎಂಡಿ: ಯಾವುದು ಸೂಕ್ತ?

ಎಎಂಡಿ ಗ್ರಾಫಿಕ್ಸ್‌ನ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಸೇರಿಕೊಂಡಿದೆ. ಪ್ರತ್ಯೇಕವಾಗಿ ಏನನ್ನೂ ಹಾಕಬೇಕಿಲ್ಲ. ಎನ್‌ವಿಡಿಯಾಗೆ ಕಂಪನಿಯ ಡ್ರೈವರ್ ಬೇರೆಯಾಗಿ ಹಾಕಬೇಕು. ಇದು ಹಿಂದಿನಷ್ಟು ಕಷ್ಟವಲ್ಲ. 2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ತನ್ನ ಡ್ರೈವರ್‌ನ ಕರ್ನಲ್ ಭಾಗವನ್ನು ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿತು. ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್‌ಗಳಿಗೆ ಈ ಮುಕ್ತ ಮಾದರಿಯ ಡ್ರೈವರ್ ಕಡ್ಡಾಯ. ಹಾಗಾಗಿ ಹೊಸ ಕಾರ್ಡ್ ಇದ್ದರೆ ಹಳೆಯ ಲಿನಕ್ಸ್ ಆವೃತ್ತಿ ಹಾಕಬೇಡಿ.

ಲಿನಕ್ಸ್‌ಗೆ ಎಎಂಡಿ ಸುಲಭ ಎಂದ ಮಾತ್ರಕ್ಕೆ ಎನ್‌ವಿಡಿಯಾ ಬೇಡವೇ ಬೇಡ ಎನ್ನುವಂತಿಲ್ಲ. ಮಾರುಕಟ್ಟೆಯಲ್ಲಿರುವ ಬಹುಪಾಲು ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಎನ್‌ವಿಡಿಯಾ. ಮಷೀನ್ ಲರ್ನಿಂಗ್ ಕಲಿಯುವವರಿಗೆ ಅದರ ‘ಕುಡಾ’ ಸೌಲಭ್ಯವೂ ಬೇಕಾಗುತ್ತದೆ. ಉಬುಂಟು, ಪಾಪ್ ಓಎಸ್, ಬಝೈಟ್‌ನಂತಹ ಲಿನಕ್ಸ್ ಆವೃತ್ತಿಗಳು ಎನ್‌ವಿಡಿಯಾ ಡ್ರೈವರ್ ಹಾಕುವ ಕೆಲಸವನ್ನು ಸುಲಭ ಮಾಡಿಕೊಡುತ್ತವೆ.

ಕಾರ್ಡ್‌ನ ಹೆಸರಿನ ಜತೆ ವ್ಯಾಟ್ ಎಷ್ಟು ಎಂದೂ ಕೇಳಿ. ಲ್ಯಾಪ್‌ಟಾಪ್‌ನ ಆರ್‌ಟಿಎಕ್ಸ್ 4060 ಕಾರ್ಡ್ 35ರಿಂದ 115 ವ್ಯಾಟ್‌ವರೆಗೆ ಬೇರೆ ಬೇರೆ ಶಕ್ತಿಯಲ್ಲಿ ಬರುತ್ತದೆ. ಹೆಸರು ಒಂದೇ ಆದರೂ ಗೇಮ್‌ನ ವೇಗ ಒಂದೇ ಇರುವುದಿಲ್ಲ.

ಎರಡು ಗ್ರಾಫಿಕ್ಸ್, ಒಂದೇ ಬ್ಯಾಟರಿ

ಬಹುತೇಕ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇರುತ್ತವೆ. ಪ್ರೊಸೆಸರ್ ಒಳಗಿರುವುದು ಸಾಮಾನ್ಯ ಕೆಲಸಕ್ಕೆ, ಪ್ರತ್ಯೇಕವಾಗಿರುವುದು ಗೇಮ್‌ಗೆ. ಲಿನಕ್ಸ್‌ನಲ್ಲಿ ದೊಡ್ಡ ಚಿಪ್ ಸರಿಯಾಗಿ ನಿದ್ರೆಗೆ ಹೋಗದಿದ್ದರೆ ತರಗತಿ ಮುಗಿಯುವ ಮೊದಲೇ ಬ್ಯಾಟರಿ ಖಾಲಿಯಾಗಬಹುದು.

ಎರಡರ ನಡುವೆ ಬದಲಿಸಲು ‘ಮಕ್ಸ್ ಸ್ವಿಚ್’ ಇರುವ ಮಾದರಿ ಒಳ್ಳೆಯದು. ಆ ಆಯ್ಕೆ ಬಯೋಸ್‌ನಲ್ಲೇ ಸಿಕ್ಕರೆ ಇನ್ನೂ ಅನುಕೂಲ. ಏಕೆಂದರೆ ಕಂಪನಿಗಳು ಕೊಡುವ ಕಂಟ್ರೋಲ್ ಆ್ಯಪ್‌ಗಳು ಸಾಮಾನ್ಯವಾಗಿ ವಿಂಡೋಸ್‌ಗೆ ಮಾತ್ರ. ಅನೇಕ ಮಾದರಿಗಳಲ್ಲಿ ಎಚ್‌ಡಿಎಂಐ ಪೋರ್ಟ್ ನೇರವಾಗಿ ಎನ್‌ವಿಡಿಯಾ ಚಿಪ್‌ಗೆ ಜೋಡಣೆಯಾಗಿರುತ್ತದೆ. ಡ್ರೈವರ್ ಸರಿ ಇಲ್ಲದಿದ್ದರೆ ಹೊರಗಿನ ಮಾನಿಟರ್‌ನಲ್ಲಿ ಚಿತ್ರವೇ ಬಾರದಿರಬಹುದು.

ವೈ-ಫೈ ಮತ್ತು ಎಸ್‌ಎಸ್‌ಡಿ ಮರೆಯಬೇಡಿ

ಇಂಟೆಲ್ ವೈ-ಫೈ ಚಿಪ್‌ಗಳಿಗೆ ಲಿನಕ್ಸ್ ಬೆಂಬಲ ಚೆನ್ನಾಗಿದೆ. ಕೆಲವು ರಿಯಲ್‌ಟೆಕ್ ಮತ್ತು ಮೀಡಿಯಾಟೆಕ್ ಚಿಪ್‌ಗಳಿಗೆ ಹೊಸ ಕರ್ನಲ್ ಬೇಕಾಗುತ್ತದೆ. ಅಂಗಡಿಯಲ್ಲಿ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದರೆ ಚಿಪ್‌ನ ಹೆಸರು ಸಿಗುತ್ತದೆ. ಒಂದೇ ಸರಣಿಯ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಬೇರೆ ವೈ-ಫೈ ಚಿಪ್ ಇರಬಹುದು. ಆದ್ದರಿಂದ ಸರಣಿಯ ಹೆಸರಷ್ಟೇ ಸಾಲದು, ಪೂರ್ತಿ ಮಾಡೆಲ್ ಸಂಖ್ಯೆ ಬರೆದುಕೊಳ್ಳಿ.

ಎರಡು ಎಸ್‌ಎಸ್‌ಡಿ ಸ್ಲಾಟ್ ಇರುವ ಮಾದರಿ ಆರಿಸಿದರೆ ಅರ್ಧ ತಲೆನೋವು ತಪ್ಪುತ್ತದೆ. ಒಂದರಲ್ಲಿ ವಿಂಡೋಸ್ ಮತ್ತು ಗೇಮ್, ಇನ್ನೊಂದರಲ್ಲಿ ಲಿನಕ್ಸ್. ಎರಡನೇ ಎಸ್‌ಎಸ್‌ಡಿಯನ್ನು ಹಣ ಹೊಂದಿಸಿಕೊಂಡು ನಂತರ ಹಾಕಿಸಬಹುದು. ರ್‍ಯಾಮ್ ಕನಿಷ್ಠ 16 ಜಿಬಿ ಇರಲಿ. ಅದು ಮದರ್‌ಬೋರ್ಡ್‌ಗೆ ಬೆಸುಗೆ ಹಾಕಿದ್ದೇ ಅಥವಾ ಮುಂದೆ ಹೆಚ್ಚಿಸಿಕೊಳ್ಳಬಹುದೇ ಎಂದು ಕೇಳಿ.

ಲಿನಕ್ಸ್ ಹಾಕುವ ಮುನ್ನ ಎಚ್ಚರ

ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ತಾನಾಗಿಯೇ ಚಾಲೂ ಆಗಿರಬಹುದು. ಬಯೋಸ್‌ನಲ್ಲಿ ಏನಾದರೂ ಬದಲಿಸಿದರೆ ಮುಂದಿನ ಬಾರಿ ಅದು 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಫೈಲ್‌ಗಳು ಕೈತಪ್ಪುತ್ತವೆ. ಮೊದಲೇ ಅದನ್ನು ಬರೆದಿಟ್ಟುಕೊಳ್ಳಿ, ಮುಖ್ಯ ಫೈಲ್‌ಗಳ ಬ್ಯಾಕಪ್ ಮಾಡಿ.

‘ಸೆಕ್ಯೂರ್ ಬೂಟ್ ಆಫ್ ಮಾಡಿ’ ಎಂದು ಹಲವರು ಸಲಹೆ ಕೊಡುತ್ತಾರೆ. ಆದರೆ ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಲು ಸೆಕ್ಯೂರ್ ಬೂಟ್ ಆನ್ ಇರಬೇಕು. ಆದ್ದರಿಂದ ಅದನ್ನು ಆನ್ ಇಟ್ಟುಕೊಂಡೇ ಓಡಬಲ್ಲ ಉಬುಂಟು ಅಥವಾ ಫೆಡೋರಾದಂತಹ ಆವೃತ್ತಿ ಆರಿಸುವುದು ಜಾಣತನ.

ಅಂಗಡಿಯಲ್ಲೇ ಹೀಗೆ ಪರೀಕ್ಷಿಸಿ

ಪೆನ್‌ಡ್ರೈವ್‌ನಲ್ಲಿ ಉಬುಂಟು ಹಾಕಿಕೊಂಡು ಹೋದರೆ ಲ್ಯಾಪ್‌ಟಾಪ್‌ನಲ್ಲಿ ಇನ್‌ಸ್ಟಾಲ್ ಮಾಡದೆಯೇ ಅದನ್ನು ಓಡಿಸಿ ನೋಡಬಹುದು. ಡೆಮೊ ಪೀಸ್‌ನಲ್ಲಿ ಪ್ರಯತ್ನಿಸಲು ಅಂಗಡಿಯವರ ಒಪ್ಪಿಗೆ ಕೇಳಿ. ಹತ್ತು ನಿಮಿಷದಲ್ಲಿ ಇಷ್ಟನ್ನು ನೋಡಿ: ವೈ-ಫೈ, ಬ್ಲೂಟೂತ್, ಸ್ಪೀಕರ್, ಮೈಕ್, ಟಚ್‌ಪ್ಯಾಡ್, ಪರದೆಯ ಬೆಳಕು ಹೆಚ್ಚು-ಕಡಿಮೆ ಮಾಡುವ ಕೀ. ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಮತ್ತೆ ಎಚ್ಚರಗೊಳ್ಳುತ್ತದೆಯೇ ಎಂಬುದನ್ನೂ ನೋಡಿ. ಕಂಪನಿಯ ಎನ್‌ವಿಡಿಯಾ ಡ್ರೈವರ್ ಚಾಲೂ ಆಗಿರದಿದ್ದರೆ ಗೇಮ್‌ನ ವೇಗವನ್ನು ಈ ವಿಧಾನದಲ್ಲಿ ಅಳೆಯಲಾಗದು. ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಈ ಅವಕಾಶವಿಲ್ಲ, ಹಾಗಾಗಿ ವಾಪಸಾತಿ ನಿಯಮವನ್ನು ಮೊದಲೇ ಓದಿಕೊಳ್ಳಬೇಕು.

ಕೊನೆಗೆ ಯಾರಿಗೆ ಯಾವುದು?

ವ್ಯಾಲೊರಂಟ್, ಫೋರ್ಟ್‌ನೈಟ್ ಆಡುವವರು ಎರಡು ಎಸ್‌ಎಸ್‌ಡಿ ಸ್ಲಾಟ್ ಇರುವ ಮಾದರಿ ಕೊಂಡು ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಳ್ಳಿ. ಸ್ಟೀಮ್‌ನಲ್ಲಿ ಒಬ್ಬರೇ ಆಡುವ ಗೇಮ್‌ಗಳಷ್ಟೇ ಸಾಕು ಎನ್ನುವವರು, ಪ್ರೋಟಾನ್‌ಡಿಬಿಯಲ್ಲಿ ಖಚಿತಪಡಿಸಿಕೊಂಡ ಮೇಲೆ ಪೂರ್ತಿ ಲಿನಕ್ಸ್‌ನಲ್ಲೇ ಇರಬಹುದು. ಅವರಿಗೆ ಎಎಂಡಿ ಗ್ರಾಫಿಕ್ಸ್ ಇರುವ ಮಾದರಿ ಸಿಕ್ಕರೆ ಉತ್ತಮ. ಮಷೀನ್ ಲರ್ನಿಂಗ್ ಓದುವವರಿಗೆ 8 ಜಿಬಿ ಗ್ರಾಫಿಕ್ಸ್ ಮೆಮೊರಿ ಇರುವ ಎನ್‌ವಿಡಿಯಾ ಸೂಕ್ತ. ಯಾರೇ ಆಗಲಿ, ಅದೇ ಮಾಡೆಲ್ ಸಂಖ್ಯೆಯ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಬಳಸಿದವರು ಏನು ಹೇಳಿದ್ದಾರೆ ಎಂದು ಹುಡುಕಿ ನೋಡಿದ ನಂತರವೇ ಬಿಲ್ ಮಾಡಿಸಿ.