ಬೆರಳು ಬಿಗಿದರೆ ನೀರನ್ನಷ್ಟೇ ದೂರಬೇಡಿ

“ಬೆಳಗ್ಗೆ ಹಾಲು ಕರೆಯಲು ಕೂತರೆ ಬೆರಳು ಮಡಚುವುದೇ ಇಲ್ಲ ಡಾಕ್ಟ್ರೇ, ಎಲ್ಲ ಬೋರ್‌ವೆಲ್ ನೀರಿನ ಕಾಟ.” ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಹೆಂಗಸರಿಂದ ಈ ಮಾತನ್ನು ಆಗಾಗ ಕೇಳುತ್ತೇನೆ.

ದೂರು ಪೂರ್ತಿ ಸುಳ್ಳಲ್ಲ. ಕೋಲಾರ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಕತ್ತು, ಬೆನ್ನು ಬಿಗಿಯುವುದುಂಟು. ಆದರೆ ಎರಡೂ ಕೈಗಳ ಬೆರಳ ಗೆಣ್ಣು, ಮಣಿಕಟ್ಟು ಊದಿಕೊಂಡು, ಬೆಳಗಿನ ಬಿಗಿತ ಸಡಿಲವಾಗಲು ಒಂದು ಗಂಟೆಯಾದರೂ ಬೇಕಾದರೆ ರುಮಟಾಯ್ಡ್ ಸಂಧಿವಾತವೇ ಎಂದು ನೋಡಬೇಕು. ನೀರು ಬದಲಿಸಿದರೆ ಅದು ವಾಸಿಯಾಗದು.

ಕೀಲಿನ ಒಳಗೆ ತೆಳ್ಳನೆಯ ಪೊರೆಯೊಂದಿದೆ. ಅದರ ಒಳಪದರ ಒಂದೆರಡು ಜೀವಕೋಶಗಳಷ್ಟೇ ದಪ್ಪ. ಕೀಲು ಜಾರುವಂತೆ ದ್ರವ ಒದಗಿಸುವುದು ಅದರ ಕೆಲಸ. ಈ ರೋಗದಲ್ಲಿ ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ದಾರಿತಪ್ಪಿ ಅಲ್ಲಿಗೆ ನುಗ್ಗಿ, ಟಿ.ಎನ್.ಎಫ್. ಮುಂತಾದ ರಾಸಾಯನಿಕ ಸಂದೇಶಗಳನ್ನು ಹೊರಡಿಸುತ್ತವೆ. ಪೊರೆಯ ಕೋಶಗಳು ಸುಮ್ಮನೆ ಪೆಟ್ಟು ತಿನ್ನುತ್ತವೆ ಎಂದುಕೊಳ್ಳಬೇಡಿ. ಜಗಳ ಬಿಡಿಸಲು ಹೋದವರು ತಾವೇ ಕೈ ಮಾಡಿದಂತೆ, ಅವೂ ಇಂಟರ್‌ಲ್ಯೂಕಿನ್-6 ಎಂಬ ಸಂದೇಶ ಕಳಿಸಿ ಉರಿಯೂತವನ್ನು ಹೆಚ್ಚಿಸುತ್ತವೆ. ಪೊರೆ ದಪ್ಪವಾಗುತ್ತದೆ. ಅದರಿಂದ ಹೊರಡುವ ಕಿಣ್ವಗಳು ಮೂಳೆಯ ತುದಿಯ ಮೆತ್ತನೆಯ ಮೃದ್ವಸ್ಥಿಯನ್ನು ಕರಗಿಸುತ್ತವೆ, ಆಮೇಲೆ ಮೂಳೆಯೂ ಕೊರೆಯುತ್ತದೆ. ಕೊರೆದ ಮೂಳೆ ಸಾಮಾನ್ಯವಾಗಿ ಮೊದಲಿನಂತಾಗುವುದಿಲ್ಲ.

ಲೂಧಿಯಾನದಲ್ಲಿ ಹುಟ್ಟಿದ ಡಾ. ರವೀಂದರ್ ಮೈನಿ ಮತ್ತು ಅವರ ಸಹೋದ್ಯೋಗಿ ಮಾರ್ಕ್ ಫೆಲ್ಡ್‌ಮನ್ 1992ರಲ್ಲಿ ಲಂಡನ್ನಿನಲ್ಲಿ ಟಿ.ಎನ್.ಎಫ್. ಒಂದನ್ನೇ ತಡೆಯುವ ಔಷಧಿಯನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಊತ ಇಳಿಯಿತು! ಅಂಥ ಚುಚ್ಚುಮದ್ದು ಇಂದಿಗೂ ದುಬಾರಿಯೇ. ಹೆಚ್ಚಿನವರಿಗೆ ಮೊದಲು ಕೊಡುವುದು ಮೆಥೊಟ್ರೆಕ್ಸೇಟ್ ಎಂಬ ಅಗ್ಗದ ಗುಳಿಗೆ. ಇದನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಮನೆಯವರು ಆ ವಾರವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ. ಬಸುರಿಯರಿಗೆ, ಬಸಿರು ಬಯಸುವವರಿಗೆ ಇದು ಸಲ್ಲದು. ನಡುನಡುವೆ ರಕ್ತಪರೀಕ್ಷೆಯೂ ಬೇಕು.

ನೋವಿನ ಗುಳಿಗೆಯಿಂದ ನೋವು ಅಡಗುತ್ತದೆ, ಪೊರೆಯೊಳಗಿನ ಗಲಾಟೆ ನಿಲ್ಲುವುದಿಲ್ಲ. ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದೂ ಉಂಟು. ಅದಕ್ಕೇ ತಿಂದ ಮರುದಿನ ಅಷ್ಟು ಹಾಯೆನಿಸುವುದು. ‘ಆರ್.ಎ. ಫ್ಯಾಕ್ಟರ್ ಇಲ್ಲ’ ಎಂಬ ವರದಿ ಬಂದಿತೆಂದೂ ಸುಮ್ಮನಾಗಬೇಡಿ. ರೋಗವಿದ್ದೂ ಅದು ಕಾಣದವರಿದ್ದಾರೆ. ಗೆಣ್ಣಿನ ಊತ ಕೆಲವು ವಾರಗಳಲ್ಲಿ ಇಳಿಯದಿದ್ದರೆ ಮಾವಿನ ಸುಗ್ಗಿ ಮುಗಿಯಲೆಂದು ಕಾಯದೆ ವೈದ್ಯರಿಗೆ ಕೈ ತೋರಿಸಿ.