7.5 ಎಂದರೆ ಶೇಕಡಾ ಎಷ್ಟು?

ಹಿಂದೆಲ್ಲ ಪದವಿ ಪರೀಕ್ಷೆಯ ಫಲಿತಾಂಶ ಬಂದಾಗ ಮನೆಯವರು ಕೇಳುತ್ತಿದ್ದ ಪ್ರಶ್ನೆ ಒಂದೇ: 'ಎಷ್ಟು ಪರ್ಸೆಂಟು?' ಉತ್ತರವೂ ಸರಳ. ಆರುನೂರಕ್ಕೆ ನಾನೂರೈವತ್ತು ಬಂದರೆ ಶೇ 75. ಶೇ 60 ದಾಟಿದರೆ ಪ್ರಥಮ ದರ್ಜೆ. ಈಗಿನ ಅಂಕಪಟ್ಟಿ ಅಷ್ಟು ಸುಲಭವಾಗಿ ಗುಟ್ಟು ಬಿಟ್ಟುಕೊಡುವುದಿಲ್ಲ. ಅದರ ತುಂಬ ಗ್ರೇಡ್, ಕ್ರೆಡಿಟ್, ಎಸ್‌ಜಿಪಿಎ, ಸಿಜಿಪಿಎಗಳದೇ ರಾಜ್ಯಭಾರ. ಕೊನೆಯ ಸಾಲಿನಲ್ಲಿ 7.5 ಎಂದಿದ್ದರೆ ಅದನ್ನು ಹತ್ತರಿಂದ ಗುಣಿಸಿ 'ಎಪ್ಪತ್ತೈದು ಪರ್ಸೆಂಟು' ಎಂದು ಸಮಾಧಾನಪಡುವ ತಂದೆತಾಯಿಗಳೇ ಹೆಚ್ಚು. ಈ ಲೆಕ್ಕ ಕೆಲವೆಡೆ ಸರಿ, ಕೆಲವೆಡೆ ತಪ್ಪು. ತಪ್ಪಿದ್ದು ಗೊತ್ತಾಗುವುದು ಬಹುತೇಕ ಉದ್ಯೋಗದ ದಾಖಲೆ ಪರಿಶೀಲನೆಯ ದಿನ. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಅಕ್ಷರದ ಹಿಂದಿನ ಅಂಕ

ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಗಾಗಿ ಹತ್ತು ಅಂಶಗಳ ಒಂದು ಮಾಪಕವನ್ನು ಶಿಫಾರಸು ಮಾಡಿದೆ. ಅದರಂತೆ 'ಒ' ಗ್ರೇಡಿಗೆ 10, 'ಎ ಪ್ಲಸ್'ಗೆ 9, 'ಎ'ಗೆ 8, 'ಬಿ ಪ್ಲಸ್'ಗೆ 7, 'ಬಿ'ಗೆ 6, 'ಸಿ'ಗೆ 5, ಕೇವಲ ತೇರ್ಗಡೆಯಾದವರ 'ಪಿ'ಗೆ 4. ಅನುತ್ತೀರ್ಣರಿಗೂ ಗೈರುಹಾಜರಾದವರಿಗೂ ಸೊನ್ನೆ.

ಇಲ್ಲಿ ಗಮನಿಸಬೇಕಾದ್ದೆಂದರೆ, ಒಂದು ಗ್ರೇಡು ಒಂದು ಅಂಕವಲ್ಲ, ಅಂಕಗಳ ಒಂದು ಗುಂಪು. 80ರಿಂದ 89ರವರೆಗೆ ಒಂದೇ ಗ್ರೇಡು ಎಂದು ನಿಯಮವಿದ್ದರೆ, 80 ತೆಗೆದವನೂ 89 ತೆಗೆದವಳೂ ಸಮಾನರು. ಅದೇ 79ಕ್ಕೂ 80ಕ್ಕೂ ಒಂದೇ ಅಂಕದ ವ್ಯತ್ಯಾಸವಾದರೂ ಗ್ರೇಡು ಬೇರೆ.

ತೂಕ ಕ್ರೆಡಿಟ್‌ನದು

ಎಲ್ಲ ವಿಷಯಗಳಿಗೂ ಒಂದೇ ತೂಕವಿಲ್ಲ. ಸಾಮಾನ್ಯವಾಗಿ ವಾರಕ್ಕೆ ಒಂದು ಗಂಟೆಯ ಪಾಠಕ್ಕೆ ಅಥವಾ ಎರಡು ಗಂಟೆಯ ಪ್ರಯೋಗಾಲಯದ ಕೆಲಸಕ್ಕೆ ಒಂದು ಕ್ರೆಡಿಟ್. ಪ್ರತಿ ವಿಷಯದ ಗ್ರೇಡ್ ಅಂಶವನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಬರುವುದೇ ಆ ಸೆಮಿಸ್ಟರಿನ ಸರಾಸರಿ, ಅಂದರೆ ಎಸ್‌ಜಿಪಿಎ.

ಒಂದು ಉದಾಹರಣೆ ನೋಡೋಣ. ಒಬ್ಬ ವಿದ್ಯಾರ್ಥಿನಿಗೆ 4 ಕ್ರೆಡಿಟ್‌ನ ಗಣಿತದಲ್ಲಿ 6, 4 ಕ್ರೆಡಿಟ್‌ನ ಭೌತವಿಜ್ಞಾನದಲ್ಲಿ 7, ತಲಾ 3 ಕ್ರೆಡಿಟ್‌ನ ಇನ್ನೆರಡು ವಿಷಯಗಳಲ್ಲಿ 8 ಮತ್ತು 9, ತಲಾ ಒಂದು ಕ್ರೆಡಿಟ್‌ನ ಎರಡು ಪ್ರಯೋಗಾಲಯಗಳಲ್ಲಿ ಹತ್ತಕ್ಕೆ ಹತ್ತು ಬಂದಿದೆ ಎನ್ನೋಣ. ಆರು ಗ್ರೇಡುಗಳನ್ನು ಸುಮ್ಮನೆ ಕೂಡಿಸಿ ಆರರಿಂದ ಭಾಗಿಸಿದರೆ 8.33. ಆದರೆ ಕ್ರೆಡಿಟ್ ಲೆಕ್ಕದಲ್ಲಿ ಒಟ್ಟು 123; ಅದನ್ನು 16ರಿಂದ ಭಾಗಿಸಿದರೆ 7.69 ಮಾತ್ರ. ಗಣಿತದಲ್ಲಿ ಒಂದು ಗ್ರೇಡು ಮೇಲೇರಿದ್ದರೆ ಸರಾಸರಿ 0.25 ಹೆಚ್ಚುತ್ತಿತ್ತು, ಪ್ರಯೋಗಾಲಯದ ಒಂದು ಗ್ರೇಡಿನ ಬೆಲೆ 0.06ರಷ್ಟೇ. ಓದಿನ ಸಮಯವನ್ನು ಯಾವ ವಿಷಯಕ್ಕೆ ಎಷ್ಟು ಹಂಚಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾರಿದೀಪವಿಲ್ಲ.

ಸಿಜಿಪಿಎ ಎಂದರೆ ಅಲ್ಲಿಯವರೆಗಿನ ಎಲ್ಲ ಸೆಮಿಸ್ಟರುಗಳ ಸರಾಸರಿ. ಇಲ್ಲೂ ತೂಕ ಕ್ರೆಡಿಟ್‌ನದೇ. ಇದೇ ವಿದ್ಯಾರ್ಥಿನಿ 24 ಕ್ರೆಡಿಟ್‌ನ ಎರಡನೆಯ ಸೆಮಿಸ್ಟರಿನಲ್ಲಿ 6.50 ಪಡೆದರೆ ಸಿಜಿಪಿಎ 7.10 ಆಗುವುದಿಲ್ಲ, 6.98 ಆಗುತ್ತದೆ.

ಒಂದೇ ಸಂಖ್ಯೆ, ಬೇರೆ ಬೇರೆ ಅರ್ಥ

ಮತ್ತೆ ಮೊದಲಿನ ಪ್ರಶ್ನೆಗೆ ಬರೋಣ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 2015-16ರಲ್ಲಿ ಜಾರಿಗೆ ಬಂದ ಕ್ರೆಡಿಟ್ ಯೋಜನೆಯ ಸೂತ್ರದಂತೆ, ಸಿಜಿಪಿಎಯಲ್ಲಿ 0.75 ಕಳೆದು ಹತ್ತರಿಂದ ಗುಣಿಸಬೇಕು. ಅಂದರೆ 7.5 ಎಂಬುದು ಶೇ 67.5. ಇದು ಅನ್ಯಾಯವಲ್ಲವೇ ಎಂದು ಕೇಳಬಹುದು. ಅಲ್ಲ. ಆ ಯೋಜನೆಯಲ್ಲಿ 70ರಿಂದ 79 ಅಂಕದವರಿಗೆ ಸಿಗುವ ಗ್ರೇಡ್ ಅಂಶ 8. 8 ಪಡೆದವರ ಪೈಕಿ ಒಬ್ಬರೂ 80 ಅಂಕ ಮುಟ್ಟಿರುವುದಿಲ್ಲ. ಕೊಡುವಾಗ ಧಾರಾಳವಾಗಿ ಕೊಟ್ಟದ್ದನ್ನು ಶೇಕಡಾಕ್ಕೆ ಇಳಿಸುವಾಗ ವಾಪಸು ಪಡೆಯಲಾಗುತ್ತದೆ, ಅಷ್ಟೆ.

ಕೃಷಿ ವಿಶ್ವವಿದ್ಯಾಲಯಗಳ ಪದ್ಧತಿ ಬೇರೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಐದನೆಯ ಡೀನ್‌ಗಳ ಸಮಿತಿಯ ಶಿಫಾರಸಿನಂತೆ ಅಲ್ಲಿ ಅಂಕಗಳನ್ನು ಗುಂಪು ಮಾಡುವುದಿಲ್ಲ. 80.76 ಅಂಕ ಬಂದರೆ ಗ್ರೇಡ್ ಅಂಶ 8.076. ಹಾಗಾಗಿ ಅಲ್ಲಿ 7.5 ಎಂದರೆ ಶೇ 75ಕ್ಕೇ ಸಮ. ಸಿಬಿಎಸ್‌ಇ ಹತ್ತನೆಯ ತರಗತಿಯಲ್ಲಿ 2017ರವರೆಗೆ ಸಿಜಿಪಿಎಯನ್ನು 9.5ರಿಂದ ಗುಣಿಸುವ ರೂಢಿಯಿತ್ತು. ಅದು ಆ ಪರೀಕ್ಷೆಗೆ ಮಾತ್ರ ಸಂಬಂಧಿಸಿದ್ದು. ಅಣ್ಣನ ಹತ್ತನೆಯ ತರಗತಿಯ ಸೂತ್ರವನ್ನು ತಂಗಿಯ ಪದವಿಗೆ ಅನ್ವಯಿಸಿದರೆ ಲೆಕ್ಕ ದಿಕ್ಕು ತಪ್ಪುತ್ತದೆ.

ಇದರ ಬಿಸಿ ತಟ್ಟುವುದು ಅರ್ಹತೆಯ ಗೆರೆಯ ಬಳಿ. ಒಂದು ಹುದ್ದೆಗೆ ಶೇ 60 ಕಡ್ಡಾಯ ಎಂದಿಟ್ಟುಕೊಳ್ಳಿ. 6.6 ಸಿಜಿಪಿಎ ಇರುವ ಎಂಜಿನಿಯರಿಂಗ್ ಪದವೀಧರ ತನ್ನದು ಶೇ 66 ಎಂದು ಬರೆದು ಅರ್ಜಿ ಹಾಕುತ್ತಾನೆ. ಲಿಖಿತ ಪರೀಕ್ಷೆ, ಸಂದರ್ಶನ ಎಲ್ಲವನ್ನೂ ದಾಟುತ್ತಾನೆ. ದಾಖಲೆ ನೋಡುವ ಅಧಿಕಾರಿ ಮೇಲಿನ ಸೂತ್ರ ಹಚ್ಚಿದರೆ ಬರುವುದು 58.5. ಆ ಯೋಜನೆಯಲ್ಲಿ ಶೇ 60ಕ್ಕೆ ಬೇಕಾದದ್ದು 6.75. ಪ್ರತಿಭೆಗೆ ಕೊರತೆಯಿಲ್ಲದೆ, ಬರೀ ಲೆಕ್ಕ ತಿಳಿಯದೆ ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗುತ್ತದೆ.

ಸೇರಿದ ವರ್ಷದ ನಿಯಮ

ಒಂದೇ ವಿಶ್ವವಿದ್ಯಾಲಯದಲ್ಲೂ ಯೋಜನೆಗಳು ಬದಲಾಗುತ್ತವೆ. ರಾಜ್ಯದ ಪದವಿ ಕಾಲೇಜುಗಳಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು. 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ಆದ್ದರಿಂದ ಒಂದೇ ಮನೆಯ ಇಬ್ಬರು ಮಕ್ಕಳಿಗೆ ಎರಡು ಬೇರೆ ನಿಯಮಗಳು ಇರಬಹುದು. ವಿದ್ಯಾರ್ಥಿ ಸೇರಿದ ವರ್ಷದ ನಿಯಮಾವಳಿಯೇ ಅವನಿಗೆ ಪ್ರಮಾಣ. ಹಿರಿಯ ವಿದ್ಯಾರ್ಥಿಗಳ ಬಾಯಿಮಾತು ಅಲ್ಲ.

ಆ ನಿಯಮಾವಳಿಯಲ್ಲಿ ಮೊದಲ ಸೆಮಿಸ್ಟರಿನಲ್ಲೇ ನೋಡಿಕೊಳ್ಳಬೇಕಾದ ಸಂಗತಿಗಳು ನಾಲ್ಕು. ಪರೀಕ್ಷೆಗೆ ಕೂರಲು ಕನಿಷ್ಠ ಹಾಜರಾತಿ ಎಷ್ಟು? ಆಂತರಿಕ ಮೌಲ್ಯಮಾಪನದಲ್ಲಿ ಪ್ರತ್ಯೇಕವಾಗಿ ತೇರ್ಗಡೆಯಾಗಬೇಕೇ? ಎಷ್ಟು ವಿಷಯ ಬಾಕಿ ಉಳಿದರೆ ಮುಂದಿನ ವರ್ಷಕ್ಕೆ ಪ್ರವೇಶವಿಲ್ಲ? ಅನುತ್ತೀರ್ಣವಾದ ವಿಷಯವನ್ನು ಮತ್ತೆ ಬರೆದು ಗೆದ್ದಾಗ ಹಳೆಯ ಸೊನ್ನೆ ಅಳಿಯುತ್ತದೆಯೇ? ಮೇಲಿನ ಉದಾಹರಣೆಯ ಹುಡುಗಿ ಗಣಿತದಲ್ಲಿ ಸೋತಿದ್ದರೆ, ಸೊನ್ನೆಯನ್ನೂ ಲೆಕ್ಕಕ್ಕೆ ಹಿಡಿಯುವ ಕಡೆ ಅವಳ ಸರಾಸರಿ 7.69ರಿಂದ 6.19ಕ್ಕೆ ಕುಸಿಯುತ್ತಿತ್ತು.

ವಿದೇಶಕ್ಕೆ ಹೋಗಬಯಸುವವರಿಗೂ ಒಂದು ಮಾತು. ಅಮೆರಿಕದಲ್ಲಿ ಸಾಮಾನ್ಯವಾಗಿ 4ರ ಮಾಪಕ. 7.5ನ್ನು 2.5ರಿಂದ ಭಾಗಿಸಿ 3 ಎಂದು ತಾವೇ ಬರೆದುಕೊಳ್ಳುವುದು ಸರಿಯಲ್ಲ. ಅರ್ಜಿಯಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ಹತ್ತಕ್ಕೆ 7.5 ಎಂದೇ ನಮೂದಿಸಬೇಕು.

ಶೇಕಡಾ ಕೇಳುವ ಅರ್ಜಿ ತುಂಬುವ ಮುನ್ನ ಅಂಕಪಟ್ಟಿಯ ಹಿಂಬದಿಯನ್ನೊಮ್ಮೆ ತಿರುಗಿಸಿ ನೋಡುವುದು ಲೇಸು. ಎಷ್ಟೋ ವೇಳೆ ಸೂತ್ರ ಅಲ್ಲೇ ಅಚ್ಚಾಗಿರುತ್ತದೆ. ಇಲ್ಲವಾದರೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಿಂದ ಪರಿವರ್ತನೆಯ ಪ್ರಮಾಣಪತ್ರ ಕೇಳಿ ಪಡೆದು, ಪದವಿ ಪತ್ರದ ಜೊತೆಗೇ ಜೋಪಾನವಾಗಿ ಇಟ್ಟುಕೊಳ್ಳಬೇಕು.